ಮಾಚಲೆಯ ಮೂರು ಕುಂಬಳಬೀಜ

ನಮ್ಮ ಅಜ್ಜಿಯರಿಗೆ ಅವರ ಅಜ್ಜಿಯರು ಕತೆ ಹೇಳುತ್ತಿದ್ದ ಕಾಲಕ್ಕಿಂತಲೂ ಹಿಂದೆ, ಏಳು ಬೆಟ್ಟಗಳ ನಡುವೆ ತೆನೆಗಿರಿ ಎಂಬ ರಾಜ್ಯವಿತ್ತು. ಚೆನ್ನಭೂಪನೆಂಬ ಅರಸ ಅದನ್ನು ಆಳುತ್ತಿದ್ದ. ಅರಮನೆಯಿಂದ ಹಿಡಿದು ಗುಡಿಸಲಿನ ತನಕ ಹಿತ್ತಲಿಲ್ಲದ ಮನೆ ಅಲ್ಲಿರಲಿಲ್ಲ. ಮಿಂದ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು, ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೆ ಹೋಗುತ್ತಿತ್ತು, ಒಲೆಯ ಬೂದಿ ಬದನೆಯ ಎಲೆಗೆ ಹೋಗುತ್ತಿತ್ತು. ಎಸರಿಟ್ಟು ಸೊಪ್ಪು ಕೊಯ್ಯಲು ಹೋದವಳು ಎಸರು ಕುದಿಯುವುದರೊಳಗೆ ಬಂದುಬಿಡುತ್ತಿದ್ದಳು. ಬೇಲಿಯ ಹತ್ತಿರ ಪಕ್ಕದ ಮನೆಯವಳು ಮಾತಿಗೆ ಸಿಕ್ಕಿದರೆ ಮಾತ್ರ ಎಸರು ಉಕ್ಕಿ ಒಲೆ ಆರುತ್ತಿತ್ತು.

ಇಂಥ ರಾಜ್ಯಕ್ಕೆ ಝಳಕೇತು ಎಂಬ ಮಾಂತ್ರಿಕ ಬಂದ. ಊರಾಚೆಯ ಬಯಲಿನಲ್ಲಿ ಒಂದು ಹಿಡಿ ನೀಲಿ ಪುಡಿ ಎರಚಿದ. ಬೆಳಗಾಗುವಷ್ಟರಲ್ಲಿ ಅಲ್ಲೊಂದು ಹರಿದಾರಿ ಉದ್ದದ ತೋಟವಿತ್ತು. ಅಲ್ಲಿನ ಬದನೆ ಕೊಡದಷ್ಟು, ಹೀರೆ ತೊಲೆಯಷ್ಟು. ಒಂದು ಎಲೆಯಲ್ಲೂ ತೂತಿಲ್ಲ, ಒಂದು ಕಾಯಿಯಲ್ಲೂ ಹುಳವಿಲ್ಲ, ಹೆಚ್ಚಿ ನೋಡಿದರೆ ಒಳಗೆ ಬೀಜವೂ ಇಲ್ಲ. "ಬೀಜ ಇಲ್ಲದ್ದು ಒಳ್ಳೇದೇ ಆಯ್ತು, ಹಲ್ಲಿಗೆ ಸಿಕ್ಕೋದಿಲ್ಲ" ಎಂದು ಜನ ಮೆಚ್ಚಿಕೊಂಡರು.

ದಿನಾ ಬೆಳಿಗ್ಗೆ ಮನೆಮನೆಯ ಬಾಗಿಲಿಗೆ ತುಂಬಿದ ಬುಟ್ಟಿ ಬರತೊಡಗಿತು. ಅರಸ ಝಳಕೇತುವನ್ನು ಕರೆಸಿ, "ಇದಕ್ಕೆ ಪ್ರತಿಯಾಗಿ ನಾವೇನು ಕೊಡಬೇಕು?" ಎಂದು ಕೇಳಿದ.

"ಏನೂ ಬೇಡ ಪ್ರಭು. ನಿಮ್ಮ ಜನ ಕೆಸರು ಮೆಟ್ಟುವುದನ್ನು, ಸೆಗಣಿ ಬಾಚುವುದನ್ನು ನೋಡಲಾರೆ. ಎಲ್ಲರ ಹಿತ್ತಲಿಗೂ ಕಲ್ಲಿನ ಚಪ್ಪಡಿ ಹಾಸಿಸಿಕೊಡುತ್ತೇನೆ. ಅಷ್ಟಕ್ಕೆ ಅಪ್ಪಣೆಯಾಗಲಿ."

ಅಪ್ಪಣೆಯಾಯಿತು. ಜನರೂ ಬೇಡವೆನ್ನಲಿಲ್ಲ. ಚಪ್ಪಡಿ ಹಾಸಿದ ಹಿತ್ತಲು ಗುಡಿಸಲು ಸುಲಭ, ಬಟ್ಟೆ ಒಣಗಿಸಲು ಸುಲಭ. ಅಟ್ಟದ ಮೇಲೆ ಬೀಜ ತುಂಬಿಟ್ಟಿದ್ದ ಸೋರೆಬುರುಡೆಗಳು ಇನ್ನು ಯಾಕೆಂದು ಅವನ್ನೂ ಬಿಸಾಡಿದರು. ಕೈಗೆ ಮಣ್ಣು ಹತ್ತದ ಬಾಳು ಯಾರಿಗೆ ಬೇಡ ಹೇಳಿ?

ಎರಡನೆಯ ವರ್ಷ ಜನರ ನೆರಳು ತೆಳುವಾಗತೊಡಗಿತು. ಮೊದಲು ನೀರುಮಜ್ಜಿಗೆಯಷ್ಟು ತೆಳು, ಆಮೇಲೆ ಅಕ್ಕಿ ತೊಳೆದ ನೀರಿನಷ್ಟು, ಕೊನೆಗೊಂದು ದಿನ ನೆರಳೇ ಇಲ್ಲ. ನೆರಳು ಹೋದವರು ಎದ್ದು, ಯಾರು ಕೂಗಿದರೂ ತಿರುಗಿ ನೋಡದೆ, ಝಳಕೇತುವಿನ ತೋಟಕ್ಕೆ ನಡೆದುಹೋಗಿ ಎರಡೂ ಕೈ ಚಾಚಿ ನಿಲ್ಲುತ್ತಿದ್ದರು. ನಿಂತಲ್ಲೇ ಹುಲ್ಲಿನ ಬೆದರುಬೊಂಬೆಗಳಾಗುತ್ತಿದ್ದರು. ಅವರ ಕಸುವೆಲ್ಲ ನೆಲಕ್ಕಿಳಿದು ತೋಟ ಇನ್ನಷ್ಟು ಹೊಳೆಯುತ್ತಿತ್ತು.

ಆ ರಾಜ್ಯದ ಕುಂಬಾರಗೇರಿಯಲ್ಲಿ ಮಾಚಲೆ ಎಂಬವಳಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಬಾಚಬ್ಬೆ ಮತ್ತು ಆರು ವರ್ಷದ ಮಗಳು ಹೊನ್ನಿ. ಒಂದು ಬೆಳಿಗ್ಗೆ ಹೊನ್ನಿ ಅಂಗಳದ ಬಿಸಿಲಲ್ಲಿ ಮಣ್ಣಿನ ಗೊಂಬೆ ಹಿಡಿದು ಆಡುತ್ತಿದ್ದಳು. ಗೊಂಬೆಯ ನೆರಳು ನೆಲದ ಮೇಲೆ ಕಪ್ಪಗೆ ಬಿದ್ದಿತ್ತು. ಹೊನ್ನಿಯ ನೆರಳನ್ನು ಕಾಣಲು ಮಾಚಲೆ ಬಗ್ಗಿ ಹುಡುಕಬೇಕಾಯಿತು.

"ಆ ಬುಟ್ಟಿ ಇನ್ನು ಒಳಗೆ ತರಬೇಡ ಕಣೇ" ಎಂದಳು ಬಾಚಬ್ಬೆ. "ಬರೀ ಗಂಜಿ ಕುಡಿಯೋಣ."

ಗಂಜಿ ಕುಡಿದರು. ನೆರಳು ಕರಗುವುದು ನಿಧಾನವಾಯಿತು, ನಿಲ್ಲಲಿಲ್ಲ.

"ಮನೆ ಹಿತ್ತಲಲ್ಲಿ ಬೆಳೆದದ್ದು ಈ ಮಗೀನ ಹೊಟ್ಟೆಗೆ ಬೀಳಬೇಕು. ಬೇರೆ ದಾರಿ ಇಲ್ಲ" ಎಂದಳು ಮುದುಕಿ.

"ಬೀಜ ಎಲ್ಲಿಂದ ತರಲಿ ಅತ್ತೆ? ಊರಲ್ಲಿ ಒಂದು ಕಾಳೂ ಉಳಿದಿಲ್ಲ."

"ಗಡಿಗೆ ಸುಡೋ ಆವಿಗೆಯ ಕೆಳಗೆ ಹೆಗ್ಗಣ ಇದೆಯಲ್ಲ, ನಾನು ಸೊಸೆಯಾಗಿ ಬಂದಾಗಿನಿಂದ ನನ್ನ ಬೀಜ ಕದೀತಾ ಇದೆ. ಅದನ್ನ ಕೇಳು."

ಮಾಚಲೆ ಆವಿಗೆಯ ಹತ್ತಿರ ಹೋಗಿ ಕರೆದಳು. ಹಂದಿಮರಿಯಷ್ಟು ದೊಡ್ಡ ಹೆಗ್ಗಣ ಹೊರಗೆ ಬಂತು. ಅದಕ್ಕೆ ಮಾತು ಬರುತ್ತಿತ್ತು.

"ಬೀಜ ಕೊಟ್ಟರೆ ನನಗೇನು ಕೊಡುತ್ತೀಯ?"

"ಬೆಳೆದರೆ ನಿನ್ನ ಪಾಲು ನಿನಗೆ. ಬೇಲಿಯ ಮೂಲೆಯಲ್ಲಿ ಇಟ್ಟುಬರ್ತೀನಿ."

ಹೆಗ್ಗಣ ಮೀಸೆ ಕುಣಿಸಿತು. "ಇಷ್ಟು ವರ್ಷ ನಿಮ್ಮ ಮನೆಯವರು ನನಗೆ ಬೋನು ಇಟ್ಟರು, ಬಿಲಕ್ಕೆ ಹೊಗೆ ಹಾಕಿದರು. ಪಾಲು ಎಂದವಳು ನೀನೊಬ್ಬಳೇ. ತಗೋ, ಇನ್ನು ಮೂರೇ ಕುಂಬಳಬೀಜ ಉಳಿದಿವೆ. ಝಳಕೇತು ಯಾವುದಕ್ಕೂ ಹೆದರುವವನಲ್ಲ, ಬೀಜಕ್ಕೆ ಮಾತ್ರ ಹೆದರುತ್ತಾನೆ. ಮನೆಯ ಹಿತ್ತಲಲ್ಲಿ ಹುಟ್ಟಿ, ಅಲ್ಲೇ ಬಲಿತ ಒಂದು ಕಾಯಿಯ ಬೀಜ ಈ ರಾಜ್ಯದ ಗಾಳಿ ಕಂಡ ದಿನ ಅವನ ಮಾಯೆ ಮುಗಿಯುತ್ತದೆ."

ಮಾಚಲೆ ಹಾರೆ ತಂದು ಹಿತ್ತಲಿನ ಒಂದು ಚಪ್ಪಡಿ ಎಬ್ಬಿಸಿದಳು. ಕೆಳಗಿನ ಮಣ್ಣು ಬಿಳಿಚಿಕೊಂಡಿತ್ತು. ಮಣ್ಣಿನ ಕೆಲಸವನ್ನು ಕುಂಬಾರಗಿತ್ತಿಗೆ ಯಾರಾದರೂ ಹೇಳಿಕೊಡಬೇಕೆ? ಅವಳು ಮಣ್ಣನ್ನು ಅಗೆದು ಒಣಗಿಸಿದಳು, ಕುಟ್ಟಿದಳು, ಜರಡಿ ಹಿಡಿದಳು. ಕಲ್ಲು, ಕಡ್ಡಿ, ಒಂದು ಬೇರಿನ ಎಳೆಯೂ ಉಳಿಯದಂತೆ ಆರಿಸಿದಳು. ನೀರು ಹಾಕಿ ತುಳಿದಳು, ಬೆಣ್ಣೆಯಂತಾಗುವ ತನಕ ನಾದಿದಳು. ಕೊನೆಗೆ ಹಲಗೆಯಿಂದ ತಟ್ಟಿ ಸಮಮಾಡಿ ಮೊದಲನೆಯ ಬೀಜ ಊರಿದಳು. ಅಂಥ ನುಣುಪಾದ ಪಾತಿಯನ್ನು ತೆನೆಗಿರಿಯಲ್ಲಿ ಯಾರೂ ಕಂಡಿರಲಿಲ್ಲ.

ಎಂಟು ದಿನ ಬಿಸಿಲು ಬಿತ್ತು. ಪಾತಿ ಇಟ್ಟಿಗೆಯಾಯಿತು. ಒಡೆದು ನೋಡಿದರೆ ಬೀಜದೊಳಗಿನ ಬಿಳಿ ಮೊಳಕೆ ಅರ್ಧ ಹೊರಬಂದು, ಮುಂದೆ ಹೋಗಲು ದಾರಿಯಿಲ್ಲದೆ ಸತ್ತಿತ್ತು. ಮಾಚಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು.

ಆಗ ಚಪ್ಪಡಿಯ ಸಂದಿಯಿಂದ ಎರೆಹುಳುಗಳ ಅರಸ ಮೇಲೆ ಬಂದ. ಬಾವಿಹಗ್ಗದಷ್ಟು ದಪ್ಪವಿದ್ದ, ತಲೆಯ ಮೇಲೆ ಇಬ್ಬನಿಯ ಕಿರೀಟವಿತ್ತು.

"ತಂಗೀ, ಇದು ಗಡಿಗೆಯ ಮಣ್ಣು" ಎಂದ. "ಗಡಿಗೆಯಲ್ಲಿ ನೀರು ನಿಲ್ಲಬೇಕು ಅಂತ ನೀನು ಮಣ್ಣಿನ ಉಸಿರು ತೆಗೆಯುತ್ತೀಯ. ಬೀಜಕ್ಕೆ ಉಸಿರು ಬೇಕು."

"ನನಗೆ ಗೊತ್ತಿರೋದು ಇದೊಂದೇ ಕೆಲಸ ಸ್ವಾಮಿ. ಈಗೇನು ಮಾಡಲಿ?"

"ಕಸ ತಾ. ಉದುರಿದ ಎಲೆ, ಒಣಹುಲ್ಲು, ಸೆಗಣಿ, ತರಕಾರಿ ಸಿಪ್ಪೆ, ಒಂದಿಷ್ಟು ಬೂದಿ. ಎಲ್ಲ ಹರಡಿ ನೀರು ಚಿಮುಕಿಸಿ ಮುಚ್ಚಿಡು. ಮಿಕ್ಕಿದ್ದು ನಮ್ಮ ಕೆಲಸ. ಒಂದು ತಿಂಗಳು ನೀನು ಅದಕ್ಕೆ ಕೈ ಹಾಕಬಾರದು."

ಮಾಚಲೆಗೆ ಕಸ ತರುವುದು ಕಷ್ಟವಾಗಲಿಲ್ಲ, ಕೈ ಹಾಕದೆ ಇರುವುದು ಕಷ್ಟವಾಯಿತು. ಮಣ್ಣನ್ನು ಕಂಡರೆ ಅವಳ ಬೆರಳು ತಾನಾಗಿ ಒತ್ತಲು ಹೋಗುತ್ತಿತ್ತು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಂದು ತಿಂಗಳು ಕಾದಳು. ಮುಚ್ಚಿದ್ದನ್ನು ತೆಗೆದಾಗ ಮಣ್ಣು ಕಪ್ಪಗಿತ್ತು, ಹಿಡಿದರೆ ಉದುರುತ್ತಿತ್ತು, ಹೊಸ ಮಳೆಯ ವಾಸನೆ ಬರುತ್ತಿತ್ತು. ಎರಡನೆಯ ಬೀಜ ಊರಿದ ಐದನೆಯ ದಿನ ಎರಡು ಎಲೆಗಳು ಮೇಲೆ ಬಂದವು. ಹೊನ್ನಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೊತ್ತು ಕಳೆಯುತ್ತಿದ್ದಳು. ಅವಳ ನೆರಳು ಆಗ ಅಕ್ಕಿ ತೊಳೆದ ನೀರಿನಷ್ಟಿತ್ತು.

ಅದೇ ಹೊತ್ತಿಗೆ ಝಳಕೇತು ಬಾಗಿಲಿಗೆ ಬಂದ. ಅವನ ಮಾತು ಬೆಲ್ಲ.

"ತಾಯಿ, ನಿನ್ನ ಬಳ್ಳಿ ತೆವಳುತ್ತಿದೆ, ಮಗುವಿನ ನೆರಳು ಓಡುತ್ತಿದೆ. ಹೆತ್ತವಳ ಸಂಕಟ ನನಗೆ ತಿಳಿಯದೆ? ಈ ಪುಡಿ ಒಂದೇ ಚಿಟಿಕೆ ಬುಡಕ್ಕೆ ಹಾಕು, ನಾಳೆಯೇ ಕಾಯಿ ಕೊಯ್ಯಬಹುದು. ಹಿತ್ತಲು ನಿನ್ನದೇ, ಬಳ್ಳಿ ನಿನ್ನದೇ. ಇದರಲ್ಲಿ ತಪ್ಪೇನು?"

"ಬೇಡ ಕಣೇ, ಅವನ ಕೈಯಿಂದ ಏನೂ ಬೇಡ" ಎಂದು ಬಾಚಬ್ಬೆ ಒಳಗಿಂದ ಕೂಗಿದಳು. ಮಾಚಲೆಗೆ ಕೇಳಿಸಿತು. ಆದರೆ ಮಗಳ ನೆರಳನ್ನು ನೋಡುತ್ತಿದ್ದ ತಾಯಿಗೆ ಅತ್ತೆಯ ಮಾತು ರುಚಿಸುತ್ತದೆಯೆ? ಅವಳು ಪುಡಿ ಹಾಕಿದಳು.

ಬೆಳಗಾದಾಗ ಬಳ್ಳಿಯಲ್ಲಿ ಬಂಡಿಯ ಗಾಲಿಯಷ್ಟು ದೊಡ್ಡ ಕುಂಬಳಕಾಯಿ ಹೊಳೆಯುತ್ತಿತ್ತು. ಕತ್ತರಿಸಿದಳು. ಒಳಗೆ ನೀಲಿ ನೀರಿತ್ತು, ಒಂದು ಬೀಜವೂ ಇರಲಿಲ್ಲ. ಪಾತಿಯ ತುಂಬ ಎರೆಹುಳುಗಳು ಮೇಲೆ ಬಂದು ಬಿದ್ದಿದ್ದವು. ನೂರಾರು ಹುಳುಗಳು, ಒಂದೂ ಅಲ್ಲಾಡಲಿಲ್ಲ. ಅವುಗಳ ಅರಸ ಸಂದಿಯಲ್ಲಿ ತಲೆಯೆತ್ತಿ ಮಾಚಲೆಯನ್ನು ನೋಡಿದ. ಬೈಯಲಿಲ್ಲ. ಕಿರೀಟವನ್ನು ಕಳಚಿಟ್ಟು ಒಳಗೆ ಹೋದ.

ಆ ವಾರವೇ ಬಾಚಬ್ಬೆಯ ನೆರಳೂ ಹೋಯಿತು. ಸೊಸೆಗೆ ತಿಳಿಯದಂತೆ ತನ್ನ ಪಾಲಿನ ಗಂಜಿಯನ್ನೂ ಅವಳು ಮೊಮ್ಮಗಳಿಗೇ ಕುಡಿಸುತ್ತಿದ್ದಳು. ಹೊಸ್ತಿಲು ದಾಟುವಾಗ ಒಂದು ಗಳಿಗೆ ನಿಂತಳು. "ಹೂ ಬಂದಾಗ ಜೇನ್ನೊಣ ಬರಲಿಲ್ಲ ಅಂದರೆ, ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸು. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿ ಇರತ್ತೆ, ಗುರುತು ಸಿಗತ್ತೆ" ಎಂದಳು. ಆಮೇಲೆ ಅವಳ ಕಣ್ಣಲ್ಲಿ ಗುರುತು ಉಳಿಯಲಿಲ್ಲ. ಮಾಚಲೆ ಕಾಲು ಹಿಡಿದರೂ, ಹೊನ್ನಿ ಸೀರೆಯ ಸೆರಗು ಜಗ್ಗಿದರೂ, ಮುದುಕಿ ತೋಟದ ಕಡೆ ನಡೆದುಹೋದಳು.

ಮಾಚಲೆಯ ಬಳಿ ಈಗ ಉಳಿದದ್ದು ಒಂದೇ ಬೀಜ, ಒಬ್ಬಳೇ ಮಗಳು. ಅವಳು ನೀಲಿ ಮಣ್ಣನ್ನೆಲ್ಲ ಅಗೆದು, ಬುಟ್ಟಿಬುಟ್ಟಿಯಾಗಿ ಹೊತ್ತು ದೂರದ ಹಳ್ಳಕ್ಕೆ ಹಾಕಿ ಬಂದಳು. ಏಳು ದಿನ, ದಿನವೂ ಕಾಡಿಗೆ ಹೋಗಿ, ಮರದಡಿ ಎಲೆ ಕೊಳೆತು ಆದ ಗೋಡುಮಣ್ಣು ತಂದಳು. ಸಂದಿಯ ಹತ್ತಿರ ಕುಳಿತು, "ತಪ್ಪು ನನ್ನದು. ನಿನ್ನ ಮಂದೀನ ನಾನೇ ಕೊಂದೆ. ಬಾ ಅನ್ನೋಕೆ ನನಗೆ ಮುಖ ಇಲ್ಲ. ಆದರೂ ಬಾ" ಎಂದಳು. ಎಂಟನೆಯ ದಿನ ಹಸಿ ಎಲೆಗಳ ಕೆಳಗೆ ಒಂದು ಸಣ್ಣ ಎರೆಹುಳು ಕಾಣಿಸಿತು. ಮರುದಿನ ಹತ್ತು ಕಾಣಿಸಿದವು. ಆಮೇಲೆ ಮಾಚಲೆ ಮೂರನೆಯ ಬೀಜ ಊರಿದಳು.

ಬಳ್ಳಿ ತನ್ನ ಪಾಡಿಗೆ ತಾನು ಬೆಳೆಯಿತು. ಹೂ ಬಿಟ್ಟಿತು. ಜೇನ್ನೊಣ ಬರಲಿಲ್ಲ. ಮಾಚಲೆ ಗಂಡುಹೂ ಕಿತ್ತು, ಅತ್ತೆ ಹೇಳಿದಂತೆ ಹೆಣ್ಣುಹೂವಿಗೆ ಮುಟ್ಟಿಸಿದಳು. ಒಂದೇ ಒಂದು ಕಾಯಿ ಕಚ್ಚಿತು. ಮೊದಲು ನೆಲ್ಲಿಕಾಯಿಯಷ್ಟು, ಆಮೇಲೆ ತೆಂಗಿನಕಾಯಿಯಷ್ಟಾಯಿತು. ಹೊನ್ನಿ ಈಗ ಎದ್ದು ಆಡುತ್ತಿರಲಿಲ್ಲ. ಜಗುಲಿಯ ಮೇಲೆ ಮಲಗಿರುತ್ತಿದ್ದಳು. ಅವಳ ನೆರಳು ಕೂದಲೆಳೆಯಷ್ಟು ಉಳಿದಿತ್ತು.

ಝಳಕೇತು ಎರಡನೆಯ ಸಲ ಬಂದ. ಕೈಯಲ್ಲಿ ಬೆಳ್ಳಿಯ ಕತ್ತಿಯಿತ್ತು.

"ತಾಯಿ, ಈ ಸಲ ಪುಡಿ ಬೇಡ, ಮಂತ್ರ ಬೇಡ. ನಿನ್ನ ಕಾಯಿ ನೀನೇ ಬೆಳೆದದ್ದು. ಈಗಲೇ ಕೊಯ್ದು ಮಗುವಿಗೆ ಬೇಯಿಸಿಹಾಕು, ನೆರಳು ಉಳಿಯುತ್ತದೆ. ಬಲಿಯಲಿ ಎಂದು ಕಾದರೆ ತಿನ್ನಲು ಮಗು ಇರಬೇಕಲ್ಲ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಎಳೆಗಾಯಿ ತಿಂದರೆ ಹೊನ್ನಿ ನಾಲ್ಕು ದಿನ ಉಳಿಯುತ್ತಿದ್ದಳು. ಆದರೆ ಬೀಜ ಬಲಿಯುತ್ತಿರಲಿಲ್ಲ, ಐದನೆಯ ದಿನಕ್ಕೆ ಏನೂ ಇರುತ್ತಿರಲಿಲ್ಲ. ಕಾದರೆ ಬೀಜ ಬರುತ್ತಿತ್ತು, ಮಗಳು ಇರುತ್ತಿರಲಿಲ್ಲ. ಮಾಚಲೆ ಕತ್ತಿ ಹಿಡಿದು ಕಾಯಿಯ ಮುಂದೆ ಕುಳಿತಳು.

ಹಾಗೆ ಕುಳಿತಾಗ ಬಳ್ಳಿಯ ಒಂದು ಕಡೆ ಕಣ್ಣು ಹೋಯಿತು. ಯಾವುದೋ ಬಸವನಹುಳು ಕುಡಿಯ ತುದಿಯನ್ನು ತಿಂದುಹೋಗಿತ್ತು. ತಿಂದ ಜಾಗದ ಹಿಂದಿನಿಂದ ಎರಡು ಹೊಸ ಕುಡಿಗಳು ಚಿಗುರಿದ್ದವು. ಮಾಚಲೆ ಬಹಳ ಹೊತ್ತು ಅದನ್ನೇ ನೋಡಿದಳು. ಸುಟ್ಟು ಮುಗಿಯುವ ತನಕ ಗಡಿಗೆ ಬಳಕೆಗೆ ಬರುವುದಿಲ್ಲ. ಬಳ್ಳಿಯನ್ನೂ ಅವಳು ಹಾಗೆಯೇ ತಿಳಿದಿದ್ದಳು. ಕಾಯಿ ಬಿಟ್ಟರೆ ಬೇರೇನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಒಂದು ಎಳೆಯ ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡಳು. ರುಚಿಯಾಗಿತ್ತು.

ಕತ್ತಿಯನ್ನು ಝಳಕೇತುವಿನ ಕಾಲ ಬಳಿ ಇಟ್ಟಳು. "ಇದು ಬೇಡ ಸ್ವಾಮಿ. ನನ್ನ ಉಗುರೇ ಸಾಕು."

ಒಂದು ಹಿಡಿ ಕುಡಿ, ನಾಲ್ಕು ಎಳೆಯ ಎಲೆ, ಉಳಿದ ಗಂಡುಹೂಗಳು. ನಾರು ಬಿಡಿಸಿ, ಉಪ್ಪು, ಎರಡು ಕಾಳುಮೆಣಸು ಹಾಕಿ ಬೇಯಿಸಿ ಗಂಜಿಗೆ ಕಲಸಿದಳು. ಹೊನ್ನಿ ಮೊದಲ ತುತ್ತನ್ನು ಬಾಯಲ್ಲೇ ಇಟ್ಟುಕೊಂಡಳು, ಎರಡನೆಯದನ್ನು ನುಂಗಿದಳು, ಮೂರನೆಯದಕ್ಕೆ ತಾನೇ ಬಾಯಿ ತೆರೆದಳು. ಮರುದಿನ ಬಿಸಿಲಲ್ಲಿ ಎತ್ತಿ ನಿಲ್ಲಿಸಿದಾಗ ಕೂದಲೆಳೆಯ ನೆರಳು ಹುರಿಯಷ್ಟಾಗಿತ್ತು. ಮಾಚಲೆ ಮಗಳನ್ನು ತಬ್ಬಿಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟಳು.

ಚಿವುಟಿದಷ್ಟೂ ಬಳ್ಳಿ ಕವಲೊಡೆಯಿತು. ಹಿತ್ತಲು ತುಂಬಿ ಗೋಡೆ ಹತ್ತಿ ಪಕ್ಕದ ಮನೆಯ ಮಲ್ಲಕ್ಕನ ಹಿತ್ತಲಿಗೆ ಇಳಿಯಿತು. ಮಲ್ಲಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು. "ಏನೇ ಮಾಚಲೆ, ನನ್ನ ಚಪ್ಪಡಿ ಮೇಲೆಲ್ಲ ನಿನ್ನ ಕಸ! ಮೊನ್ನೆ ತಾನೇ ಗುಡಿಸಿದ್ದೆ."

"ಅಕ್ಕಾ, ನಿಮ್ಮ ಮಗನ ನೆರಳು ಹೇಗಿದೆ?"

ಮಲ್ಲಕ್ಕನ ಕಣ್ಣಲ್ಲಿ ನೀರು ಬಂತು. ಮಾಚಲೆ ಅವಳ ಮಡಿಲಿಗೆ ಕುಡಿ ಹಾಕಿ, "ಬಳ್ಳಿಯ ಗೆಣ್ಣು ನೆಲಕ್ಕೆ ತಾಗೋ ಕಡೆ ಒಂದು ಚಪ್ಪಡಿ ಎಬ್ಬಿಸಿ ಅಕ್ಕಾ. ಕಸ ಗೊಬ್ಬರ ಹಾಕಿ ಆ ಗೆಣ್ಣು ಮುಚ್ಚಿ. ಅಲ್ಲೂ ಬೇರು ಇಳಿಯತ್ತೆ" ಎಂದಳು. ಮಲ್ಲಕ್ಕ ಹಾರೆ ತಂದಳು. ಅವಳ ಪಕ್ಕದವರು ತಂದರು, ಅವರ ಪಕ್ಕದವರೂ ತಂದರು. ಕುಂಬಾರಗೇರಿ ದಾಟಿ, ನೇಕಾರಗೇರಿ ದಾಟಿ ಬಳ್ಳಿ ಹೋಯಿತು. ಒಂದು ಮನೆಗೆ ಒಂದು ಚಪ್ಪಡಿ ಎದ್ದಿತು. ಹಿತ್ತಲುಗಳಲ್ಲಿ ಮತ್ತೆ ಜನ ಬಗ್ಗಿ ನಿಂತು ಮಾತಾಡತೊಡಗಿದರು. ಮೊದಲಿನಂತೆ ಎಸರು ಉಕ್ಕಿ ಒಲೆಗಳು ಆರತೊಡಗಿದವು. ಎಲ್ಲರೂ ಕುಡಿ ತಿಂದರು, ಮಾಚಲೆಯ ಹಿತ್ತಲಿನ ಆ ಒಂದು ಕಾಯಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಝಳಕೇತು ಮೂರನೆಯ ಸಲ ಬಂದ. ನಡುಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ಬೀಜವಿರುವ ಕಾಯಿಯನ್ನು ಮುಟ್ಟಲು ಹೆದರಿ, ಬೆಳ್ಳಿಯ ಕತ್ತಿಯಿಂದ ಮಾಚಲೆಯ ಬಳ್ಳಿಯ ಬುಡವನ್ನು ಕಚಕ್ಕೆಂದು ಕಡಿದ. "ಇನ್ನು ಮೂರು ದಿನದಲ್ಲಿ ಎಲ್ಲ ಒಣಗುತ್ತದೆ" ಎಂದು ನಕ್ಕು ಹೋದ. ಜನ ಗೋಳೋ ಎಂದು ಅತ್ತರು. ಮಾಚಲೆಗೆ ಅಳಲೂ ಆಗಲಿಲ್ಲ.

ಒಂದು ದಿನ ಕಳೆಯಿತು, ಬಳ್ಳಿ ಬಾಡಲಿಲ್ಲ. ಎರಡು ದಿನ ಕಳೆಯಿತು, ಬಾಡಲಿಲ್ಲ. ಮೂರನೆಯ ದಿನ ಹೊಸ ಹೂ ಬಿಟ್ಟಿತು. ಬುಡ ಹೋದರೇನು, ಮಲ್ಲಕ್ಕನ ಹಿತ್ತಲಲ್ಲಿ ಬೇರಿತ್ತು, ಅವಳ ಪಕ್ಕದವರಲ್ಲಿ ಬೇರಿತ್ತು, ನೂರು ಹಿತ್ತಲುಗಳಲ್ಲಿ ಬೇರಿತ್ತು. ನೂರು ಮನೆಯ ನೀರು ಕುಡಿದು ಆ ಕಾಯಿ ಬಲಿಯಿತು. ತೊಟ್ಟು ಒಣಗಿ ಕಟ್ಟಿಗೆಯಾಯಿತು. ಸಿಪ್ಪೆಗೆ ಉಗುರು ಊರಿದರೆ ಗುರುತು ಬೀಳಲಿಲ್ಲ. ಆಗ ಮಾಚಲೆ ನೆರೆಯವರನ್ನೆಲ್ಲ ಕರೆದು, ಹೊನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಯಿಯನ್ನು ಕತ್ತರಿಸಿದಳು.

ಒಳಗೆ ಬೀಜಗಳಿದ್ದವು. ಬಿಳಿ, ದಪ್ಪ, ತುಂಬಿದ ಬೀಜಗಳು.

ಬೀಜಕ್ಕೆ ಗಾಳಿ ತಾಗಿದ ಕ್ಷಣ ಝಳಕೇತುವಿನ ತೋಟ ನೀಲಿ ಧೂಳಾಗಿ ಕುಸಿಯಿತು. ಬೆದರುಬೊಂಬೆಗಳ ಮೈಯಿಂದ ಹುಲ್ಲು ಉದುರಿತು. ಜನ ಕಣ್ಣು ಪಿಳಿಪಿಳಿ ಬಿಟ್ಟು, ತಂತಮ್ಮ ಮನೆಯ ದಾರಿ ನೆನಪಾಗಿ ನಡೆಯತೊಡಗಿದರು. ಝಳಕೇತು ಓಡಲು ಹೋದ. ಅವನೂ ತನ್ನ ತೋಟದ್ದನ್ನೇ ತಿಂದು ಬೆಳೆದವನಲ್ಲವೆ, ನಾಲ್ಕು ಹೆಜ್ಜೆಗೆ ಕೈ ಚಾಚಿ ನಿಂತ, ನಿಂತಲ್ಲೇ ಹುಲ್ಲಾದ. ಆ ಹುಲ್ಲನ್ನು ಜನ ತಂದು, ತೇವ ನಿಲ್ಲಲಿ ಎಂದು ಹೊಸ ಪಾತಿಗಳಿಗೆ ಹಾಸಿದರು. ಅವನಿಂದ ತೆನೆಗಿರಿಗೆ ಆದ ಉಪಕಾರ ಅದೊಂದೇ.

ಅರಸ ಚೆನ್ನಭೂಪ ಕುಂಬಾರಗೇರಿಗೆ ಬರಿಗಾಲಲ್ಲಿ ಬಂದು, ಎಲ್ಲರಂತೆ ಸರದಿಯಲ್ಲಿ ನಿಂತು ಒಂದು ಬೀಜ ಪಡೆದ. "ಚಪ್ಪಡಿಗೆ ಅಪ್ಪಣೆ ಕೊಟ್ಟವನು ನಾನೇ. ಅರಮನೆಯ ಹಿತ್ತಲಿನ ಚಪ್ಪಡಿಯನ್ನು ನಾನೇ ಎಬ್ಬಿಸುತ್ತೇನೆ" ಎಂದ. ಹಾಗೆಯೇ ಮಾಡಿದ. ಅವನ ಅಂಗೈಯಲ್ಲಿ ಎದ್ದ ಬೊಬ್ಬೆಗಳನ್ನು ರಾಜ್ಯದ ಜನ ಬಹಳ ದಿನ ಮಾತಾಡಿಕೊಂಡರು.

ಬಾಚಬ್ಬೆ ಮನೆಗೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಚಾಚಿ ನಿಂತು ನಿಂತು ಅವಳ ಕೈಗಳು ಮಡಚುತ್ತಿರಲಿಲ್ಲ. ಬಾಗಿಲಲ್ಲಿ ಅಡ್ಡವಾಗಿ ನುಸುಳಬೇಕಾಯಿತು. ಹೊನ್ನಿ ಅಜ್ಜಿಯ ಚಾಚಿದ ತೋಳಿಗೆ ಜೋತುಬಿದ್ದಳು. ಜಗುಲಿಯ ಬಿಸಿಲಲ್ಲಿ ಇಬ್ಬರ ನೆರಳೂ ಒಂದಾಗಿ ದಟ್ಟವಾಗಿ ಬಿದ್ದಿತ್ತು.

ಮಾಚಲೆ ಹೆಗ್ಗಣದ ಪಾಲನ್ನು ಬೇಲಿಯ ಮೂಲೆಯಲ್ಲಿ ಇಟ್ಟುಬಂದು, ಉಳಿದ ಕುಂಬಳದ ಹುಳಿ ಮಾಡಿ, ಅನ್ನ ಕಲಸಿ, ಅತ್ತೆಯ ಬಾಯಿಗೆ ತಾನೇ ತುತ್ತಿಟ್ಟಳು. ಬಾಚಬ್ಬೆ ನಿಧಾನವಾಗಿ ಅಗಿದಳು, ನುಂಗಿದಳು, ಸೊಸೆಯ ಮುಖ ನೋಡಿದಳು.

"ಉಪ್ಪು ಕಮ್ಮಿ ಆಯ್ತಲ್ಲೇ" ಎಂದಳು.

ಬಳ್ಳಿಯ ಬುಡ ಕಡಿದಾಗಲೂ ಅಳದೆ ಉಳಿದಿದ್ದ ಮಾಚಲೆ ಆಗ ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ಎದ್ದುಹೋಗಿ ಉಪ್ಪು ತಂದಳು. ಹೀಗೆ ಕುಂಬಾರಗೇರಿಯ ಆ ಮೂವರೂ, ತೆನೆಗಿರಿಯ ಮಂದಿಯೂ ನೆಲಕ್ಕೆ ನೆರಳು ಬೀಳುವಷ್ಟು ದಿನ ಉಂಡು ಸುಖವಾಗಿ ಬಾಳಿದರು.